ಸಣ್ಣಮ್ಮ ವ್ಯಾನಿನ ಸೀಟು ಎತ್ತಿದ್ದು

"ದೋಣಿ ಮಾರಿ ವ್ಯಾನ್ ತಗಂಡದ್ದು, ತಿಮ್ಮಕ್ಕಾ. ಮಾವ ಹೋದ ಮೇಲೆ ಇವ್ರಿಗೆ ಸಮುದ್ರ ಬೇಡ ಆತು. ದೋಣೀಲಿದ್ದ ದೇವ್ರ ಪಟ ಬಿಚ್ಚಿ ವ್ಯಾನಿನ ಮುಂದೆ ಕಟ್ಟಿದ್ರು. ನೂಲು ಹುಣ್ಣಿಮೆ ದಿನ ದೋಣಿಗೆ ಒಡೀತಿದ್ದ ಕಾಯಿ ವ್ಯಾನಿಗೆ ಒಡದ್ರು. ಹಂಗಾಗಿ ನಂಗೆ ಅದು ದೋಣಿನೇ. ನಮ್ಮ ಮನೇಲಿ ಹೆಂಗಸ್ರು ಬಲೆ ದಾಟುವಂಗಿಲ್ಲ, ದೋಣಿ ಎಂಜಿನ್ ಮುಟ್ಟುವಂಗಿಲ್ಲ, ತಿಂಗಳ ಮೂರು ದಿನ ದೋಣಿ ಬದಿಗೇ ಹೋಗುವಂಗಿಲ್ಲ. ಈ ವ್ಯಾನಿಂದು ಎಂತ ಪಂಚಾತಿಕೆ ಅಂದ್ರೆ, ಎಂಜಿನ್ ಇರುದು ಮುಂದಿನ ಸೀಟಿನ ಅಡಿಗೆ. ಸೀಟಲ್ಲಿ ಕೂತ್ರೆ ಎಂಜಿನ್ ಮೇಲೆ ಕೂತಂಗೆ ಅಲ್ದಾ? ಅದ್ಕೆ ಆ ಮೂರು ದಿನ ನಾನು ಹಿಂದೆ, ಮೀನಿನ ಕ್ರೇಟಿನ ಸಂದೀಲಿ ಕಾಲು ಮಡಚಿ ಕೂತ್ಕಂಡು ಹೋತಿದ್ದೆ. ಇವ್ರು ನಗಾಡ್ತಿದ್ರು. ಮುಂದೆ ಬಾ ಅಂತ ಮಾತ್ರ ಹೇಳ್ಲಿಲ್ಲ.

ನನ್ನದು ಹೋಗ್ಲಿ. ಪವಿತ್ರ ಸಣ್ಣದಿರುವಾಗ ಯಾವಾಗ್ಲೂ ಅಪ್ಪನ ಬೆನ್ನಿಗೆ. ಸೀಟು ಎತ್ತಿದ್ರೆ ಅಪ್ಪಂದು ಒಂದು ತಲೆ, ಮಗಳದ್ದು ಒಂದು ತಲೆ. ನಟ್ಟು ಬಿಚ್ಚುವ ಪಾನಾ ಒಂದನ್ನ, ಸಣ್ಣ ಕೈಗೆ ಹಿಡಿಯುವಂತದ್ದನ್ನ, ಅವ್ರೇ ಕೊಟ್ಟಿದ್ರು. ಶಾಲೆಗೂ ಚೀಲದಲ್ಲಿ ಹಾಕ್ಕಂಡು ಹೋತಿತ್ತು. ಗಾಡಿ ತಿರುವಿನಲ್ಲಿ ಬರುವಾಗ್ಲೇ, ಅಮ್ಮ, ಅಪ್ಪನ ಗಾಡಿಗೆ ಇವತ್ತು ಎಂತದೋ ಆಗಿದೆ ಅಂತ ಒಳಗಿಂದ ಹೇಳ್ತಿತ್ತು. ಹನ್ನೆರಡು ತುಂಬಿ ಮೂರು ತಿಂಗಳಿಗೆ ದೊಡ್ಡದಾತು. ನೀರು ಹಾಕಿ ಒಳಗೆ ತಗಂಡ ಮಾರನೆ ದಿನ ನೋಡ್ತೆ, ಸೀಟು ಎತ್ತಿಕಂಡು ಕೂತಿದೆ. ಕೈ ಪೂರಾ ಕಪ್ಪು. ನಂಗೆ ಎದೆ ಝಲ್ ಅಂತು. ಪಾನಾ ಕಸ್ಕಂಡೆ, ಒಂದು ಪೆಟ್ಟು ಕೊಟ್ಟೆ, ಹೊಳೆ ಬದಿಗೆ ಹೋಗಿ ಬಿಸಾಕಿ ಬಂದೆ. ಇವ್ರು ಜಗಲೀಲಿ ಕೂತಿದ್ರು. ಒಂದ್ ಮಾತು ಹೇಳಿದ್ರೆ ನಾ ಕೇಳ್ತಿದ್ನೇನೊ. ಹೇಳ್ಲಿಲ್ಲ. ಆ ವಾರ ವ್ಯಾಪಾರ ಚಲೋ ಆತು ಕಾಣಿ. ನಾ ಮಾಡಿದ್ದೇ ಸರಿ ಅಂತ ಹದಿಮೂರು ವರ್ಷ ಗಟ್ಟಿಯಾಗಿ ನಂಬ್ಕಂಡಿದ್ದೆ."

ಸಣ್ಣಮ್ಮ ಇದನ್ನು ನನಗೆ ಹೇಳಿದ್ದು ಕುಮಟೆಯಿಂದ ಸಂತೆಗುಳಿಗೆ ಹೋಗುವ ರಸ್ತೆಯಲ್ಲಿ, ವ್ಯಾನು ನಡೆಸುತ್ತ. ಅವಳ ಮನೆ ಹೊನ್ನಾವರದ ಕಾಸರಕೋಡಿನಲ್ಲಿ, ಹೊಳೆ ಸಮುದ್ರಕ್ಕೆ ಸೇರುವಲ್ಲಿ. ಬೆಳಗಾಗುವ ಮೊದಲೇ ಬಂದರಿಗೆ ಹೋಗಿ ಮೀನು ಹಿಡಿದುಕೊಂಡು, ಕುಮಟೆ ದಾಟಿ ನಮ್ಮ ಕಡೆಗೆ ಬರುತ್ತಾಳೆ. ಮನೆ ಮನೆಯ ಎದುರು ಹಾರ್ನ್ ಒತ್ತಿ ಬಂಗುಡೆ, ತಾರಲೆ ಮೀನು ಕೊಟ್ಟು, ಕ್ರೇಟು ಖಾಲಿಯಾದ ಮೇಲೆ ನನ್ನ ಹರಿವೆ ಸೊಪ್ಪು, ಬದನೆ, ಹೀರೇಕಾಯಿಯ ಮೂಟೆಗಳನ್ನು ಹಾಕಿಕೊಂಡು ಪೇಟೆಗೆ ಇಳಿಯುತ್ತಾಳೆ. ಸೊಪ್ಪಿಗೆ ಮೀನಿನ ವಾಸನೆ ಹತ್ತುತ್ತದೆಂದು ಮೊದಮೊದಲು ಗೊಣಗಿದವಳು ನಾನೇ. "ಸೊಪ್ಪು ತಿಂದು ಬೇಜಾರಾದವ್ರಿಗೆ ಒಳ್ಳೇದೇ ಆತಲ್ಲ" ಎಂದಿದ್ದಳು ಸಣ್ಣಮ್ಮ.

ಗಂಡ ಭಾಸ್ಕರ ಬದುಕಿರುವಷ್ಟು ದಿನ ವ್ಯಾನು ನಡೆಸಿದವನು ಅವನೇ. ಮೂರು ವರ್ಷದ ಹಿಂದೆ ಎದೆನೋವಿನಿಂದ ಹೋದ. ವ್ಯಾನು ಎಂಟು ತಿಂಗಳು ಅಂಗಳದಲ್ಲೇ ನಿಂತು, ಗಾಲಿಯ ಸುತ್ತ ಹುಲ್ಲು ಬೆಳೆದಿತ್ತು. ಆಮೇಲೆ ಸಣ್ಣಮ್ಮನೇ ಡ್ರೈವಿಂಗ್ ಕಲಿತಳು. ಆಗ ಅವಳಿಗೆ ನಲವತ್ತೊಂಬತ್ತು. ಗಾಡಿ ಓಡಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಆದರೆ ಸೀಟು ಎತ್ತುವುದಕ್ಕೆ ಮಾತ್ರ ಕೈ ಹೋಗುತ್ತಿರಲಿಲ್ಲ. ನೀರು ನೋಡುವುದಕ್ಕೂ ಆಯಿಲ್ ನೋಡುವುದಕ್ಕೂ ಪೆಟ್ರೋಲ್ ಬಂಕಿನವರನ್ನು ಕರೆಯುವಳು.

ಒಂದು ದಿನ ಸಂತೆಗುಳಿ ರಸ್ತೆಯ ಏರಿನಲ್ಲಿ ವ್ಯಾನು ನಿಂತಿತು; ಅಂದು ನಾನೂ ಅದರಲ್ಲಿದ್ದೆ. ಹಿಂದೆ ಆರು ಕ್ರೇಟು ಬಂಗುಡೆ. ಮೆಕ್ಯಾನಿಕ್ಕಿಗೆ ಫೋನು ಮಾಡಿ ಮೂರು ಗಂಟೆ ಕಾದೆವು. ಐಸು ಕರಗಿ ನೀರು ರಸ್ತೆಯಲ್ಲಿ ಹರಿಯಿತು, ಮೀನಿನ ಕಣ್ಣು ಬೆಳ್ಳಗಾಯಿತು. ಕೊನೆಗೆ ಬಂದವನು ಸೀಟು ಎತ್ತಿ, ಅಲುಗಾಡುತ್ತಿದ್ದ ಬ್ಯಾಟರಿಯ ವೈರನ್ನು ಒತ್ತಿ ಬಿಗಿ ಮಾಡಿದ. ಒಂದು ಎಲೆಯಡಿಕೆ ಕವಳ ಹಾಕುವಷ್ಟು ಹೊತ್ತೂ ಆಗಲಿಲ್ಲ. "ಇಷ್ಟಕ್ಕೆ ನನ್ನ ಕರಸ್ದ್ರಿ?" ಎಂದ. ಸಣ್ಣಮ್ಮ ಅವನಿಗೆ ದುಡ್ಡು ಕೊಟ್ಟು ಕಳಿಸಿದಳು. ಮೀನನ್ನೆಲ್ಲ ಒಂದು ತೋಟದ ತೆಂಗಿನ ಬುಡಕ್ಕೆ ಹಾಕಿಸಿದಳು.

ಕುಮಟೆಯಲ್ಲಿ ದಿವ್ಯಶ್ರೀ ಎಂಬ ಹುಡುಗಿ ಗ್ಯಾರೇಜು ಇಟ್ಟಿದ್ದಾಳೆ. ಡಿಪ್ಲೊಮಾ ಓದಿದವಳು. ಸೋಮವಾರ ಸಂಜೆ ಹೆಂಗಸರಿಗೆ ಗಾಡಿ ರಿಪೇರಿ ಕಲಿಸುತ್ತಾಳೆಂದು ಆಸ್ಪತ್ರೆಯ ನರ್ಸ್ ವೀಣಾ ನಮಗೆ ಹೇಳಿದ್ದಳು. ಸೋಮವಾರ ಮೀನು ತಿನ್ನದ ಮನೆಗಳೇ ಹೆಚ್ಚು, ಸಣ್ಣಮ್ಮನಿಗೆ ಬಿಡುವು. ಮುಂದಿನ ಸೋಮವಾರವೇ ಹೋದಳು. ನಾನು ಬಸ್ಸಿನ ಹೊತ್ತಿನವರೆಗೆ ಅಲ್ಲೇ ಹಳೆಯ ಟೈರಿನ ಮೇಲೆ ಕೂತು ಕೇಳುತ್ತಿದ್ದೆ.

ದಿವ್ಯಶ್ರೀ ಕಲಿಸುವ ಕ್ರಮ ಬೇರೆ. ಅವಳು ಏನನ್ನೂ ಮುಟ್ಟುವುದಿಲ್ಲ. ಸ್ಟೂಲಿನ ಮೇಲೆ ಕೂತು ಹೇಳುತ್ತಾಳೆ, ಮಾಡುವವರು ಬಂದವರೇ. ವೀಣಾ ತನ್ನ ಕಾರಿನ ಗಾಲಿ ಬಿಚ್ಚಿ ಹಾಕಿದಳು. ಕಾಲೇಜಿನ ಇಬ್ಬರು ಹುಡುಗಿಯರು ಬ್ರೇಕಿನ ಡಬ್ಬಿ ತೆರೆದು ಧೂಳು ತಿಂದು ಸೀನಿದರು. ಸಣ್ಣಮ್ಮನ ಸರದಿ ಬಂತು.

"ಸೀಟು ಎತ್ತಿ, ಸಣ್ಣಮ್ಮಕ್ಕ."

ಸಣ್ಣಮ್ಮ ಸೀಟಿನ ಕೊಂಡಿಯವರೆಗೆ ಕೈ ಒಯ್ದು ನಿಲ್ಲಿಸಿದಳು. "ಇವತ್ತು ಬೇಡ."

"ಓ, ಹಂಗಾ. ತೊಂದ್ರೆ ಇಲ್ಲ, ಮುಂದಿನ ವಾರ ಮಾಡಿ" ಎಂದಳು ದಿವ್ಯಶ್ರೀ, ಬೇರೆ ಅರ್ಥ ಮಾಡಿಕೊಂಡು.

"ಹಂಗಲ್ಲ ತಂಗಿ. ನಂಗೆ ಅದೆಲ್ಲ ನಿಂತು ನಾಲ್ಕು ವರ್ಷ ಆತು. ಆದ್ರೂ ಮುಂದೆ ದೇವ್ರ ಪಟ ಇದೆ, ಕೈ ಹೋಗುದಿಲ್ಲ."

ಎಲ್ಲರೂ ನಕ್ಕರು, ಸಣ್ಣಮ್ಮನೂ ನಕ್ಕಳು. ವೀಣಾ ಹೇಳಿದಳು: "ದೇವ್ರು ಸಿಟ್ಟು ಮಾಡುದಾದ್ರೆ ಮೀನಿನ ವಾಸ್ನೆಗೇ ಮಾಡ್ತಿದ್ದ. ನಿಮ್ಮ ವ್ಯಾನು ಬಂದ ಕೂಡ್ಲೆ ಊರಿನ ಬೆಕ್ಕೆಲ್ಲ ಗೇಟಿನ ಹತ್ರ ಕೂತವೆ ನೋಡಿ."

"ಕೂತ್ಕಳ್ಲಿ, ಅವೂ ಕಲೀಲಿ" ಎಂದಳು ದಿವ್ಯಶ್ರೀ.

ಆ ನಗುವಿನಲ್ಲೇ ಸಣ್ಣಮ್ಮ ಕೊಂಡಿ ತೆಗೆದು ಸೀಟನ್ನು ಹಿಂದಕ್ಕೆ ಮಗುಚಿದಳು. ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಯಾರಿಗೆ ಹೇಳಿದಳೋ, "ಇಷ್ಟೇಯ?" ಎಂದಳು.

ಆ ಮಳೆಗಾಲ ಕಳೆಯುವುದರೊಳಗೆ ಅವಳು ಬೆಲ್ಟು ಬದಲಿಸುವುದು, ಆಯಿಲ್ ಬದಲಿಸುವುದು, ಕಡಿದುಹೋದ ಕ್ಲಚ್ ಕೇಬಲ್ ಹಾಕುವುದು ಎಲ್ಲ ಕಲಿತಳು. ಬೇಗ ಕಲಿತಳು ಎನ್ನುವಂತಿಲ್ಲ. ಒಂದು ನಟ್ಟನ್ನು ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂದು ಪ್ರತಿಸಲ ತಡವರಿಸುತ್ತಿದ್ದಳು. ಹೊಸದೇನಾದರೂ ಬಂದರೆ ಸಾಕು, "ಇದು ನಮ್ಮ ಪವಿತ್ರಂಗೆ ಐದನೇ ಕ್ಲಾಸಿಗೇ ಬತ್ತಿತ್ತು" ಎನ್ನುವಳು. ಮೊದಮೊದಲು ಹೆಮ್ಮೆಯಿಂದ ಹೇಳುತ್ತಿದ್ದಳು. ವಾರ ಕಳೆದಂತೆ ಆ ಮಾತಿನ ದನಿ ಇಳಿಯುತ್ತ ಬಂತು. ಒಂದು ಸಂಜೆ ಕೈಗೆ ಮೆತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ನನ್ನ ಹತ್ತಿರ ಹೇಳಿದಳು: "ನಂಗೆ ಈ ವಯಸ್ಸಿಗೆ ಎಂತದೂ ಆಗ್ಲಿಲ್ಲ ತಿಮ್ಮಕ್ಕಾ. ಮೀನು ಕೊಳೀಲಿಲ್ಲ, ಮನೆಗೆ ಕೇಡು ಬರ್ಲಿಲ್ಲ. ಹಂಗಾದ್ರೆ ಆ ಮಗೀನ ಕೈ ನಾನು ಎಂತಕ್ಕೆ ಕಟ್ಟಿಹಾಕ್ದೆ?"

ದೀಪಾವಳಿಯ ಹೊತ್ತಿಗೆ ದಿವ್ಯಶ್ರೀ ಒಂದು ವಿಷಯ ಎತ್ತಿದಳು. ಹೊನ್ನಾವರದಲ್ಲೂ ಒಂದು ಶೆಡ್ಡು ಹಾಕುವವಳಿದ್ದಾಳೆ. ಹೆಂಗಸರೇ ನಡೆಸುವಂಥದ್ದು. ಅಲ್ಲಿಗೆ ಒಬ್ಬಳು ಬೇಕು. ಆರು ತಿಂಗಳು ತಾನೇ ಕಲಿಸಿ, ಆಮೇಲೆ ಶೆಡ್ಡನ್ನು ಅವಳ ಕೈಗೇ ಬಿಡುವುದು. "ಅಂಕೋಲೆಯ ಒಂದು ಹುಡುಗಿ ಕೇಳಿದ್ದಾಳೆ. ಆದ್ರೆ ನಿಮ್ಮ ಮಗಳಂಗೆ ಎಂಜಿನ್ ಸದ್ದು ತಿಳಿಯುವ ಕಿವಿ ಇರುವವ್ರು ಸಿಕ್ಕಿದ್ರೆ ಚಲೋ. ಮುಂದಿನ ವಾರ ಗುರುವಾರದ ಒಳಗೆ ಹೇಳಿ, ಸಣ್ಣಮ್ಮಕ್ಕ" ಎಂದಳು.

ಪವಿತ್ರಾಳನ್ನು ಭಟ್ಕಳಕ್ಕೆ ಕೊಟ್ಟು ನಾಲ್ಕು ವರ್ಷವಾಗಿದೆ. ಗಂಡ ರಾಜೇಶ ಬಂದರಿನ ಐಸ್ ಕಾರ್ಖಾನೆಯಲ್ಲಿದ್ದಾನೆ. ಅವಳು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ನಿಲ್ಲುತ್ತಾಳೆ, ಊರಿನ ಮುಸ್ಲಿಂ ಗಿರಾಕಿಗಳ ನವಾಯತಿ ಮಾತನ್ನೂ ಕಲಿತಿದ್ದಾಳೆ. ಸಣ್ಣಮ್ಮ ಮೊದಲು ಅಳಿಯನಿಗೇ ಫೋನು ಮಾಡಿದಳು. ಅವನು, "ನಂದೆಂತ ತಕರಾರಿಲ್ಲ ಅತ್ತೆ, ಬೆಳಿಗ್ಗೆ ಬಸ್ಸಿದೆ, ಸಂಜೆಗೂ ಇದೆ. ಅವಳನ್ನೇ ಕೇಳಿ" ಎಂದ. ಫೋನಿನಲ್ಲಿ ಮಗಳನ್ನು ಕೇಳುವುದಕ್ಕೆ ಸಣ್ಣಮ್ಮನಿಗೆ ಬಾಯಿ ಬರಲಿಲ್ಲ.

"ಸೋಮವಾರ ನನ್ನ ಜೊತೆಗೆ ಬನ್ನಿ ತಿಮ್ಮಕ್ಕಾ. ಒಬ್ಬಳೇ ಹೋದ್ರೆ ಅರ್ಧ ದಾರಿಗೆ ತಿರುಗಿ ಬತ್ತೆ" ಎಂದಳು. ಹೋದೆ.

ಮಂಕಿ ದಾಟುವಾಗ ವ್ಯಾನು ಒಂದು ಥರ ಕುಂಟತೊಡಗಿತು. ಏರಿನಲ್ಲಿ ಎಳೆಯುವುದಿಲ್ಲ, ಮೈಯೆಲ್ಲ ನಡುಗಿಸುತ್ತದೆ. ಎರಡು ಸಲ ನಿಲ್ಲಿಸಿ ನೋಡಿದಳು. ಬ್ಯಾಟರಿ ಸರಿ ಇತ್ತು, ಬೆಲ್ಟು ಸರಿ ಇತ್ತು. ಹಾಗೇ ಎಳೆದುಕೊಂಡು ಭಟ್ಕಳ ಮುಟ್ಟಿದೆವು.

ಮನೆಯ ಎದುರು ನಿಲ್ಲಿಸುವಷ್ಟರಲ್ಲಿ, ಅಂದು ಅಂಗಡಿಗೆ ರಜೆ ಹಾಕಿದ್ದ ಪವಿತ್ರಾ ಹೊರಗೆ ಬಂದಳು. ಯಾವಾಗ ಹೊರಟಿರಿ, ಊಟ ಆಯಿತೇ ಎಂದು ಯಾವುದೂ ಕೇಳಲಿಲ್ಲ. ಬಾಗಿಲಲ್ಲೇ ನಿಂತು, "ಮೂರು ಸಿಲಿಂಡರಲ್ಲಿ ಒಂದು ಹೊಡೀತಾ ಇಲ್ಲ" ಎಂದಳು. ಹೇಳಿದ್ದು ತನಗೇ ತಿಳಿದಂತೆ ನಾಲಿಗೆ ಕಚ್ಚಿಕೊಂಡು, "ಬನ್ನಿ ತಿಮ್ಮತ್ತೆ, ಒಳಗೆ ಬನ್ನಿ" ಎಂದಳು.

ಸಣ್ಣಮ್ಮ ನನ್ನ ಮುಖ ನೋಡಿದಳು. ಅವಳ ಮುಖ ಅರಳಿತ್ತು. ಕೆಲಸ ಆಗಿಯೇಹೋಯಿತೆಂದು ಅವಳಿಗೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸಿತು.

ಊಟವಾಯಿತು. ಸಣ್ಣಮ್ಮ ಎಲ್ಲ ಹೇಳಿದಳು. ಶೆಡ್ಡು, ಆರು ತಿಂಗಳು, ಬಸ್ಸು, ಅಳಿಯನ ಒಪ್ಪಿಗೆ, ಗುರುವಾರ. ಪವಿತ್ರಾ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ ಕೇಳಿಸಿಕೊಂಡಳು.

"ಬೇಡ ಅಮ್ಮ" ಎಂದಳು.

"ಯೋಚ್ನೆ ಮಾಡಿ ಹೇಳು."

"ಯೋಚ್ನೆ ಮಾಡೇ ಹೇಳಿದ್ದು. ಅವ್ರು ಮೊನ್ನೆನೇ ಹೇಳಿದ್ರು ನಂಗೆ."

"ನನ್ನ ಮೇಲೆ ಸಿಟ್ಟಿದ್ರೆ ಬೈ. ಬೈದ್ರೆ ನಂಗೂ ಹಗುರ ಆತದೆ. ಅವತ್ತು ನಾನು ಮಾಡಿದ್ದು ತಪ್ಪು ಮಗ. ವ್ಯಾನು ವ್ಯಾನೇ, ದೋಣಿ ಅಲ್ಲ. ನಂಗೆ ಗೊತ್ತಾಗ್ಲಿಲ್ಲ."

ಪವಿತ್ರಾ ಕೂತಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

"ಸಿಟ್ಟು ಇಲ್ಲ ಅಮ್ಮ. ಪಾನಾ ಹೋತು ಅಂತ ನಾನು ಅತ್ತದ್ದು ಒಂದು ವಾರ. ಅಪ್ಪ ಇನ್ನೊಂದು ತಂದ್ಕೊಡ್ತ್ರು ಅಂತ ಕಾದೆ. ತರ್ಲಿಲ್ಲ. ಆಮೇಲೆ ನಂಗೆ ಅಪ್ಪನ ಹತ್ರ ಕೂತ್ಕಳೂಕೆ ಎಂತ ನೆವ ಇತ್ತು ಹೇಳು? ಅವ್ರು ಅಲ್ಲಿ ಸೀಟು ಎತ್ತಿಕಂಡು ಇರ್ತಿದ್ರು, ನಾನು ಒಳಗೆ ನಿನ್ನ ಸಂಗಡ ಮೀನು ಕೊಯ್ತಿದ್ದೆ. ನಾವಿಬ್ರೂ ಮಾತಾಡ್ತಿದ್ದದ್ದೇ ಅಲ್ಲಿ. ಮನೆ ಒಳಗೆ ಅಪ್ಪ ಮಾತಾಡುವವ್ರೇ ಅಲ್ಲಾಗಿತ್ತು, ನಿಂಗೇ ಗೊತ್ತಲ. ಅವ್ರು ಹೋಗುವವರೆಗೂ, ಊಟ ಮಾಡಿದ್ಯಾ, ಪರೀಕ್ಷೆ ಯಾವಾಗ, ಇಷ್ಟೇ."

ಸಣ್ಣಮ್ಮ ಪೇರಿಸಿದ ತಟ್ಟೆಗಳನ್ನು ಬದಿಗೆ ಸರಿಸಿದಳು. ಪವಿತ್ರಾ ಮುಂದುವರಿಸಿದಳು:

"ಈಗ್ಲೂ ರಸ್ತೇಲಿ ಗಾಡಿ ಹೋದ್ರೆ ಕಿವಿ ಹೋತದೆ. ಅದನ್ನ ತಡೀಲಿಕ್ಕೆ ಆಗ್ಲಿಲ್ಲ. ಆದ್ರೆ ಬೇಡ ಅಂತ ಮನಸ್ಸಿಗೆ ಹೇಳಿ ಹೇಳಿ ಕಲ್ಸಿದ್ದೆ. ಅದನ್ನ ಮತ್ತೆ ಬಿಚ್ಚುದಂದ್ರೆ... ನಂಗೆ ಅಂಗಡಿ ಸಾಕು. ಅಲ್ಲಿ ನಂಗೆ ಚಲೋ ಇದೆ."

ಪವಿತ್ರಾ ಚಹಾ ಮಾಡಿ ಕೊಟ್ಟಳು. ಅಂಗಡಿಗೆ ಹೊಸದಾಗಿ ಬಂದ ಸೀರೆಗಳ ಸುದ್ದಿ ಹೇಳಿದಳು. ನಮಗೆ ಹೊರಡುವ ಹೊತ್ತಾಯಿತು.

ವ್ಯಾನು ಅದೇ ಕುಂಟು. ಸಣ್ಣಮ್ಮ ಸೀಟು ಎತ್ತಿ, ಎಂಜಿನ್ ಚಾಲೂ ಇಟ್ಟು ಸುಮ್ಮನೆ ನೋಡುತ್ತ ನಿಂತಳು. ಪವಿತ್ರಾ ಜಗಲಿಯ ಮೆಟ್ಟಿಲ ಮೇಲಿದ್ದಳು. ಕೆಳಗೆ ಇಳಿಯಲಿಲ್ಲ.

"ಪ್ಲಗ್ಗಿನ ವೈರು ಮೂರು ಇದ್ಯಲ. ಒಣಬಟ್ಟೆ ಹಿಡ್ಕಂಡು ಒಂದೊಂದೇ ತೆಗ್ದು ಹಾಕು. ತೆಗ್ದಾಗ ಸದ್ದು ಬದಲಾದ್ರೆ ಅದು ಸರಿ ಇದೆ. ಎಂತದೂ ಬದಲಾಗ್ಲಿಲ್ಲ ಅಂದ್ರೆ ಅದೇ ಸತ್ತದ್ದು."

ಸಣ್ಣಮ್ಮ ಮೊದಲನೆಯದನ್ನು ತೆಗೆದಳು. ಎಂಜಿನ್ ಮತ್ತಷ್ಟು ಕುಂಟಿತು. ಹಾಕಿದಳು. ನಡುವಿನದನ್ನು ತೆಗೆದಳು. ಸದ್ದು ಹಾಗೇ ಇತ್ತು.

"ನಡೂದೇ" ಎಂದಳು ಪವಿತ್ರಾ. "ಬಂದ್ ಮಾಡಿ ತಣೀಲಿ ಬಿಡು. ಆಮೇಲೆ ಬಿಚ್ಚು."

ಎಂಜಿನ್ ಬಂದ್ ಮಾಡಿ, ತಣಿಯುವವರೆಗೆ ಕಾದೆವು. ಸಣ್ಣಮ್ಮ ಡಬ್ಬಿಯಿಂದ ಪ್ಲಗ್ಗು ಬಿಚ್ಚುವ ಪಾನಾ ತೆಗೆದಳು. ತೆಗೆದು ಮೆಟ್ಟಿಲ ಕಡೆಗೆ ಚಾಚಿದಳು. ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುತ್ತ ನೋಡುತ್ತಿದ್ದಳು.

ಪವಿತ್ರಾ ಆ ಪಾನಾವನ್ನು ನೋಡಿದಳು. "ನೀನೇ ಮಾಡು ಅಮ್ಮ. ನಿಂಗೆ ಬತ್ತದಲ್ಲ" ಎಂದಳು. ಒಳಗೆ ಹೋಗಿ ಒರಸುವುದಕ್ಕೆ ಒಂದು ಹಳೆಯ ಬಟ್ಟೆ, ಚೂರು ಮರಳು ಕಾಗದ ತಂದು ಮೆಟ್ಟಿಲ ಮೇಲೆ ಇಟ್ಟಳು. ನಾನು ಎದ್ದು ಅದನ್ನು ಸಣ್ಣಮ್ಮನಿಗೆ ಕೊಟ್ಟೆ.

ಸಣ್ಣಮ್ಮ ಪ್ಲಗ್ಗು ಬಿಚ್ಚಿದಳು. ತುದಿ ಮಸಿ ಹಿಡಿದು ಕಪ್ಪಾಗಿತ್ತು. ತಿಕ್ಕಿದಳು. "ತುದೀಲಿ ಸಂದಿ ಇದ್ಯಲ, ಅದು ಗರಗಸದ ಬ್ಲೇಡಿನ ದಪ್ಪ ಇದ್ರೆ ಸಾಕು. ಜಾಸ್ತಿ ಬಗ್ಗಿಸ್ಬೇಡ" ಎಂದಳು ಮಗಳು. ಸಣ್ಣಮ್ಮ ಕಣ್ಣು ಕಿರಿದು ಮಾಡಿ ನೋಡಿ, ತಿರುಗಿ ಹಾಕಿದಳು. ಈ ಸಲ ಯಾವ ಕಡೆಗೆ ತಿರುಗಿಸಬೇಕೆಂದು ತಡವರಿಸಲಿಲ್ಲ. ಕೀಲಿ ತಿರುಗಿಸಿದಳು. ಎಂಜಿನ್ ಹದವಾಗಿ, ಒಂದೇ ಸಮ ಓಡತೊಡಗಿತು.

ಪವಿತ್ರಾ ಸ್ವಲ್ಪ ಹೊತ್ತು ಕೇಳಿದಳು. "ಆತು" ಎಂದಳು. ಆಮೇಲೆ, "ಅಪ್ಪಂಗೆ ಇಷ್ಟು ಬೇಗ ಆತಿರ್ಲಿಲ್ಲ" ಎಂದು ನಕ್ಕಳು. ಸಣ್ಣಮ್ಮ ನಗಲಿಕ್ಕೆ ನೋಡಿದಳು.

ತಿರುಗಿ ಹೊರಟೆವು. ನಾನು ಕೂತ ಸೀಟು ಕೆಳಗಿನಿಂದ ಬೆಚ್ಚಗಾಗುತ್ತಿತ್ತು. ಮುರ್ಡೇಶ್ವರದ ಹತ್ತಿರ ರೈಲು ಒಂದು ನಮ್ಮನ್ನು ದಾಟಿ ಹೋಯಿತು. ಆ ಸದ್ದು ನಿಂತ ಮೇಲೆ ಸಣ್ಣಮ್ಮ ಹೇಳಿದಳು: "ಪಾನಾ ಮಾತ್ರ ಬಿಸಾಕ್ದೆ ಅಂತ ತಿಳ್ಕಂಡಿದ್ದೆ ತಿಮ್ಮಕ್ಕಾ. ಅಪ್ಪ-ಮಗಳು ಮಾತಾಡುವ ಜಾಗನೇ ತೆಗ್ದಿದ್ದೆ, ನಂಗೆ ತಿಳೀಲೇ ಇಲ್ಲ. ಪವಿತ್ರಂಗೂ ತಿಳೀತು, ಇವ್ರಿಗೂ ತಿಳ್ದಿರ್ಬೇಕು. ಇಬ್ರೂ ನಂಗೆ ಹೇಳ್ಲಿಲ್ಲ." ಇನ್ನಷ್ಟು ದೂರ ಹೋದ ಮೇಲೆ, "ಪಾನಾ ಆದ್ರೆ ಹೊಸದು ತರ್ಲಕ್ಕು" ಎಂದಳು.

ಸಮಾಧಾನ ಹೇಳಿದ್ದರೆ ಸುಳ್ಳಾಗುತ್ತಿತ್ತು. ಭಾಸ್ಕರನನ್ನು ಯಾರೂ ತಿರುಗಿ ತರುವಂತಿಲ್ಲ, ಮಗಳ ಹನ್ನೆರಡನೆಯ ವರ್ಷವನ್ನೂ ತರುವಂತಿಲ್ಲ.

ಕಾಸರಕೋಡಿಗೆ ಬಂದಾಗ ನನ್ನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಸಣ್ಣಮ್ಮ ಅಂಗಳಕ್ಕೆ ಬಂದವಳೇ, ನಿಂತಲ್ಲೇ ದಿವ್ಯಶ್ರೀಗೆ ಫೋನು ಮಾಡಿದಳು. ಗುರುವಾರದವರೆಗೆ ಕಾಯಲಿಲ್ಲ.

"ದಿವ್ಯಾ, ನೀನು ಅಂಕೋಲೆ ಹುಡುಗೀನ ತಗ. ನಮ್ಮ ಪವಿತ್ರ ಬರುದಿಲ್ಲ." ಆಚೆಯಿಂದ ಏನೋ ಕೇಳಿರಬೇಕು. "ಇಲ್ಲ ಇಲ್ಲ, ಅಳಿಯ ಬೇಡ ಅನ್ಲಿಲ್ಲ. ತಪ್ಪು ನಮ್ಮದೇ. ತಡ ಆತು, ಅಷ್ಟೇ." ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹೂಂ, ನಾ ಬತ್ತೆ. ಸೋಮವಾರ ಬತ್ತೆ" ಎಂದಳು.

ಒಳಗೆ ಹೋಗಿ ಕೈಕಾಲು ತೊಳೆದಳು. ಒಲೆಗೆ ಎಸರು ಇಟ್ಟು ಬಂದಳು. ಮೊರಕ್ಕೆ ಎರಡು ಸಿದ್ದೆ ಕುಚಲಕ್ಕಿ ಅಳೆದು ಸುರಿದು, ಜಗಲಿಯ ಬೆಳಕಿಗೆ ತಿರುಗಿ ಕೂತು ಕಲ್ಲು ಆರಿಸತೊಡಗಿದಳು. ಒಬ್ಬಳ ಊಟಕ್ಕೆ ಎರಡು ಸಿದ್ದೆ ಹೆಚ್ಚಾಯಿತೆಂದು ಕಂಡು, ಒಂದನ್ನು ತಿರುಗಿ ಡಬ್ಬಿಗೆ ಹಾಕಿ, ಉಳಿದದ್ದನ್ನು ಕೇರಿದಳು.